ಗಾಲ್ಫ್‌ನ ಮ್ಯಾಚ್ ಪ್ಲೇ ಅಂದರೆ ಪ್ರತಿ ಹೋಲ್‌ನಲ್ಲೂ ಪಿನ್‌ಗೇ ಹೊಡೆಯಬೇಕಾ?

ಪ್ರಶ್ನೆ: ಗಾಲ್ಫ್‌ನಲ್ಲಿ ನನ್ನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯ ಆಟಗಾರ) 18. ಮುಂದಿನ ವಾರ ತುಂಬ ಕಷ್ಟದ ಕೋರ್ಸಿನಲ್ಲಿ ಮ್ಯಾಚ್ ಇದೆ. ಎದುರಾಳಿಯ ಹ್ಯಾಂಡಿಕ್ಯಾಪ್ 6. ಒಟ್ಟು ಹೊಡೆತ ಎಣಿಸದೆ ಕೋರ್ಸಿನ 18 ಹೋಲ್‌ಗಳಲ್ಲಿ ಯಾರು ಹೆಚ್ಚು ಗೆದ್ದರು ಅಂತ ನೋಡುವ ಮ್ಯಾಚ್ ಪ್ಲೇನಲ್ಲಿ ಒಂದು ಹೋಲ್‌ಗೆ ಹತ್ತು ಹೊಡೆದರೂ ಕಳೆದುಕೊಳ್ಳುವುದು ಒಂದೇ ಹೋಲ್ ತಾನೆ, ಭಯಪಡದೆ ಪಿನ್‌ಗೇ, ಅಂದರೆ ಬಾವುಟ ನೆಟ್ಟ ಗುಳಿಗೇ ಹೊಡೆದು ಅಟ್ಯಾಕ್ ಮಾಡು ಅಂತ ಜೊತೆಯವರೆಲ್ಲ ಹೇಳುತ್ತಿದ್ದಾರೆ. ಹಾಗೇ ಆಡಲಾ?

ಉತ್ತರ: ಬೇಡ. ದಯವಿಟ್ಟು ಬೇಡ.

ಟೂರ್ನಮೆಂಟ್‌ಗಳು ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಹ್ಯಾಂಡಿಕ್ಯಾಪ್ ಬೇರೆ ಇರುತ್ತದೆ, ಕೋರ್ಸ್ ಬೇರೆ ಇರುತ್ತದೆ, ಆದರೆ "ಹತ್ತು ಹೊಡೆದರೂ ಒಂದೇ ಹೋಲ್" ಅನ್ನುವ ಮಾತು ಮಾತ್ರ ಬದಲಾಗುವುದಿಲ್ಲ. ಹಿಂದೆ ಹಲವು ಸಲ ನಾಲ್ಕೈದು ಸಾಲಿನಲ್ಲಿ ಉತ್ತರಿಸಿದ್ದೇನೆ. ಅಷ್ಟು ಸಾಲಲಿಲ್ಲ ಅಂತ ಕಾಣುತ್ತದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು, ಇಬ್ಬರ ಮಟ್ಟದ ಅಂತರ ಸರಿದೂಗಿಸಲು ನಿಮಗೆ ಎಷ್ಟು ಸ್ಟ್ರೋಕ್ (ಹೊಡೆತದ ರಿಯಾಯಿತಿ) ಸಿಗುತ್ತದೆ ನೋಡೋಣ. 18ರಲ್ಲಿ 6 ಕಳೆದರೆ 12 ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿರುತ್ತೀರಿ. ಕಷ್ಟದ ಕೋರ್ಸಿನಲ್ಲಿ ಅದು 12 ಆಗಿರುವುದಿಲ್ಲ. 2020ರಲ್ಲಿ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಂ ಪ್ರಕಾರ ಪ್ರತಿ ಟೀಗೂ (ಮೊದಲ ಹೊಡೆತ ಹೊಡೆಯುವ ಜಾಗ) ಒಂದು ಸ್ಲೋಪ್ ರೇಟಿಂಗ್ ಇರುತ್ತದೆ. ಅದು 55ರಿಂದ 155ರ ಒಳಗೆ ಇರುತ್ತದೆ, 113 ಅನ್ನುವುದು ಸಾಧಾರಣ ಮಟ್ಟ. ಸ್ಕ್ರ್ಯಾಚ್ (ಸೊನ್ನೆ ಹ್ಯಾಂಡಿಕ್ಯಾಪ್) ಆಟಗಾರನಿಗೆ ಹೋಲಿಸಿದರೆ ಹೋಲ್‌ಗೆ ಸುಮಾರು ಒಂದು ಹೊಡೆತ ಜಾಸ್ತಿ ತೆಗೆದುಕೊಳ್ಳುವ ಬೋಗಿ ಮಟ್ಟದ ಆಟಗಾರನಿಗೆ ಆ ಕೋರ್ಸ್ ಎಷ್ಟು ಜಾಸ್ತಿ ಕಾಟ ಕೊಡುತ್ತದೆ ಅನ್ನುವುದನ್ನು ಈ ಸಂಖ್ಯೆ ಹೇಳುತ್ತದೆ. ನಿಮ್ಮ ಕೋರ್ಸಿನ ಸ್ಲೋಪ್ 140 ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಕೋರ್ಸ್ ರೇಟಿಂಗ್ (ಸ್ಕ್ರ್ಯಾಚ್ ಆಟಗಾರನಿಂದ ನಿರೀಕ್ಷಿಸುವ ಸ್ಕೋರ್), ಪಾರ್ (ನಿಗದಿಯಾದ ಹೊಡೆತಗಳ ಸಂಖ್ಯೆ) ಎರಡನ್ನೂ 72 ಅಂತಲೇ ಇಟ್ಟುಕೊಳ್ಳೋಣ. 18ನ್ನು 140ರಿಂದ ಗುಣಿಸಿ 113ರಿಂದ ಭಾಗಿಸಿದರೆ 22, ಅದು ನಿಮ್ಮ ಕೋರ್ಸ್ ಹ್ಯಾಂಡಿಕ್ಯಾಪ್. ಎದುರಾಳಿಯ 6ಕ್ಕೆ ಹಾಗೇ ಮಾಡಿದರೆ 7. ಇಬ್ಬರ ನಡುವಿನ ಅಂತರ 15. ಒಬ್ಬರಿಗೊಬ್ಬರು ಆಡುವ ಮ್ಯಾಚ್‌ನಲ್ಲಿ ಸಾಮಾನ್ಯವಾಗಿ ಈ ಅಂತರ ಪೂರ್ತಿಯಾಗಿ ಸಿಗುತ್ತದೆ. ಅಂದರೆ ಕೋರ್ಸ್ ಕಷ್ಟವಾಗಿದೆ ಅನ್ನುವ ಕಾರಣಕ್ಕೇ ನಿಮಗೆ ಮೂರು ಸ್ಟ್ರೋಕ್ ಜಾಸ್ತಿ ಸಿಕ್ಕಿವೆ. ಸ್ಟ್ರೋಕ್ ಇಂಡೆಕ್ಸ್ (ಹೋಲ್‌ಗಳ ಕಷ್ಟದ ಕ್ರಮಾಂಕ) 1ರಿಂದ 15ರವರೆಗಿನ ಪ್ರತಿ ಹೋಲ್‌ನಲ್ಲೂ ನಿಮಗೆ ಒಂದೊಂದು.

ಈಗ ಆ ಹಠಮಾರಿ ಮಾತಿಗೆ ಬರೋಣ. "ಹತ್ತು ಹೊಡೆದರೂ ಒಂದೇ ಹೋಲ್" ಅನ್ನುವುದು ಸುಳ್ಳಲ್ಲ. ಆದರೆ ಅದರಿಂದ "ಹಾಗಾಗಿ ರಿಸ್ಕ್ ತೆಗೆದುಕೋ" ಅನ್ನುವ ತೀರ್ಮಾನಕ್ಕೆ ಹೋಗುತ್ತೀರಲ್ಲ, ತಪ್ಪು ಇರುವುದು ಅಲ್ಲಿ. ಹೋಲ್ ಅನ್ನು ಒಂದು ಸ್ಟ್ರೋಕಿನಿಂದ ಸೋತರೂ ಐದರಿಂದ ಸೋತರೂ ಒಂದೇ, ಒಪ್ಪಿದೆ. ಆದರೆ ನೀರಿನ ಮೇಲೆ, ಮರಗಳ ನಡುವೆ, ಬಂಕರ್ (ಮರಳುಗುಂಡಿ) ಹಿಂದೆ ಅಡಗಿರುವ ಪಿನ್‌ಗೆ ಹೊಡೆದಾಗ ಎಷ್ಟರಿಂದ ಸೋಲುತ್ತೀರಿ ಅನ್ನುವುದಕ್ಕಿಂತ ಎಷ್ಟು ಹೋಲ್ ಸೋಲುತ್ತೀರಿ ಅನ್ನುವುದು ಬದಲಾಗುತ್ತದೆ. ಮ್ಯಾಚ್ ತೀರ್ಮಾನವಾಗುವುದು ಅದರ ಮೇಲೇ. ಈ ಒಂದು ವಾಕ್ಯವನ್ನು ಇನ್ನೊಮ್ಮೆ ಓದಿ.

ಅಂಕಿಗಳಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಿಮ್ಮ ಎದುರಾಳಿ ತಮ್ಮ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡಿದರು, ಅಂದರೆ ಪಾರ್‌ಗಿಂತ 7 ಜಾಸ್ತಿ ಹೊಡೆದರು ಅಂತ ಇಟ್ಟುಕೊಳ್ಳಿ. 2 ಬರ್ಡಿ (ಪಾರ್‌ಗಿಂತ ಒಂದು ಕಡಿಮೆ), 7 ಪಾರ್, 9 ಬೋಗಿ (ಪಾರ್‌ಗಿಂತ ಒಂದು ಜಾಸ್ತಿ). 6 ಹ್ಯಾಂಡಿಕ್ಯಾಪ್‌ನವರಿಗೆ ಕಷ್ಟದ ಕೋರ್ಸಿನಲ್ಲಿ ಇದು ಒಳ್ಳೆಯ ದಿನವೇ. ನೀವೋ, ಒಂದೇ ಒಂದು ಪಾರ್ ಇಲ್ಲದೆ 18 ಹೋಲ್‌ಗಳಲ್ಲೂ ಬೋಗಿ ಹೊಡೆದಿರಿ. ಸ್ಟ್ರೋಕ್ ಸಿಗುವ 15 ಹೋಲ್‌ಗಳಲ್ಲಿ ನಿಮ್ಮ ಬೋಗಿ ಪಾರ್ ಆಗುತ್ತದೆ. ಆ 15ರಲ್ಲಿ ಅವರ 2 ಬರ್ಡಿ, 6 ಪಾರ್, 7 ಬೋಗಿ ಇವೆ ಅನ್ನಿ. ಎರಡು ಸೋತಿರಿ, ಆರು ಸಮ, ಏಳು ಗೆದ್ದಿರಿ. ಉಳಿದ 3 ಹೋಲ್‌ಗಳಲ್ಲಿ ಅವರ ಒಂದು ಪಾರ್‌ಗೆ ಒಂದು ಸೋತಿರಿ, ಎರಡು ಸಮ. ಒಟ್ಟು 7 ಗೆಲುವು, 3 ಸೋಲು. ಒಂದು ಬರ್ಡಿ ಇಲ್ಲ, ಪಾರ್ ಸಹ ಇಲ್ಲ, ಆದರೂ ಮ್ಯಾಚ್ ನಿಮ್ಮದು.

"ಹದಿನೆಂಟೂ ಬೋಗಿ ಆಗುತ್ತಾ ಸ್ವಾಮಿ?" ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಿಮ್ಮ ಕೋರ್ಸ್ ಹ್ಯಾಂಡಿಕ್ಯಾಪ್ 22, ಹದಿನೆಂಟು ಬೋಗಿ ಅದಕ್ಕಿಂತ ನಾಲ್ಕು ಕಡಿಮೆ. ಸರಿ, ನಾಲ್ಕು ಡಬಲ್ ಬೋಗಿ (ಪಾರ್‌ಗಿಂತ ಎರಡು ಜಾಸ್ತಿ) ಸೇರಿಸೋಣ. ಆ ನಾಲ್ಕೂ ಸ್ಟ್ರೋಕ್ ಸಿಗುವ ಹೋಲ್‌ಗಳಲ್ಲೇ ಬರಲಿ. ಎರಡು ಸಲ ಅವರು ಬೋಗಿ ಹೊಡೆದ ಹೋಲ್‌ನಲ್ಲಿ, ಎರಡು ಸಲ ಅವರು ಪಾರ್ ಹೊಡೆದ ಹೋಲ್‌ನಲ್ಲಿ. ಗೆದ್ದಿದ್ದ ಎರಡು ಹೋಲ್ ಸಮ ಆದವು, ಸಮ ಇದ್ದ ಎರಡು ಹೋಲ್ ಸೋತಿರಿ. ಈಗ 5 ಗೆಲುವು, 5 ಸೋಲು. ಪೂರ್ತಿ ಸಮ. ಹ್ಯಾಂಡಿಕ್ಯಾಪ್ ಇರುವುದೇ ಇದಕ್ಕೆ.

ಈ ಲೆಕ್ಕದಲ್ಲಿ ಮ್ಯಾಚನ್ನು ಅತ್ತ ಇತ್ತ ತಿರುಗಿಸಿದ್ದು ಯಾವುದು ನೋಡಿ. ನಾಲ್ಕು ಡಬಲ್ ಬೋಗಿ. ನೀವು ಹೊಡೆಯದ ಬರ್ಡಿಗಳಲ್ಲ. ಪಿನ್‌ಗೆ ಅಟ್ಯಾಕ್ ಮಾಡಿದರೆ ಇಡೀ ದಿನದಲ್ಲಿ ಒಂದೋ ಎರಡೋ ಪಾರ್ ಜಾಸ್ತಿ ಸಿಗಬಹುದು. ಆದರೆ ಡಬಲ್‌ಗಳು ನಾಲ್ಕರಿಂದ ಏಳೆಂಟಕ್ಕೆ ಏರುತ್ತವೆ. ಕಷ್ಟದ ಕೋರ್ಸಿನಲ್ಲಂತೂ ತಪ್ಪು ಕಡೆ ಹೋದ ಚೆಂಡು ಸುಮ್ನೆ ಒಂದು ಸ್ಟ್ರೋಕ್ ತಿಂದು ಬಿಡುವುದಿಲ್ಲ. ದಟ್ಟ ಹುಲ್ಲಿನ ರಫ್‌ನಿಂದ ಬಂಕರ್‌ಗೆ, ಬಂಕರ್‌ನಿಂದ ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ದಾಟಿ ಆಚೆಗೆ ಕರೆದುಕೊಂಡು ಹೋಗುತ್ತದೆ.

ಇನ್ನೊಂದು ವಿಷಯ. ಹ್ಯಾಂಡಿಕ್ಯಾಪ್ ಅಂದರೆ ನಿಮ್ಮ ಸರಾಸರಿ ಆಟ ಅಲ್ಲ. ಕೊನೆಯ 20 ಸ್ಕೋರ್‌ಗಳಲ್ಲಿ ಒಳ್ಳೆಯ 8ರ ಸರಾಸರಿ ಅದು. ಹಾಗಾಗಿ ನೀವೂ ಅವರೂ ಹೆಚ್ಚಿನ ದಿನ ಹ್ಯಾಂಡಿಕ್ಯಾಪ್‌ಗಿಂತ ಜಾಸ್ತಿಯೇ ಹೊಡೆಯುತ್ತೀರಿ. 6 ಹ್ಯಾಂಡಿಕ್ಯಾಪ್ ಅಂದ ಕೂಡಲೇ ಪ್ರತಿ ಹೋಲ್‌ನಲ್ಲೂ ಪಾರ್ ಹೊಡೆಯುವ ಯಂತ್ರ ಅಂತ ಹೆದರುವವರಿಗೆ ಈ ಮಾತು. ಅವರೂ ಬೋಗಿ ಹೊಡೆಯುತ್ತಾರೆ, ಹೊಡೆಯುತ್ತಲೇ ಇರುತ್ತಾರೆ. ಆ ಹೊತ್ತಿಗೆ ನೀವು ಮರದ ಹಿಂದೆ ಇರಬಾರದು, ಅಷ್ಟೇ.

ದೊಡ್ಡ ಆಟಗಾರರ ಮಾತು ಬೇಕು ಅನ್ನುವವರಿಗೆ ಅಮೆರಿಕದ ಬಾಬಿ ಜೋನ್ಸ್ ಅವರನ್ನು ನೆನಪಿಸುತ್ತೇನೆ. ಜೀವನಪೂರ್ತಿ ಅಮೆಚೂರ್ (ಹವ್ಯಾಸಿ) ಆಗಿಯೇ ಆಡಿದವರು. 1930ರಲ್ಲಿ ಬ್ರಿಟಿಷ್ ಅಮೆಚೂರ್, ಬ್ರಿಟಿಷ್ ಓಪನ್, ಯುಎಸ್ ಓಪನ್, ಯುಎಸ್ ಅಮೆಚೂರ್ ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆದ್ದರು. ಅದರಲ್ಲಿ ಎರಡು ಅಮೆಚೂರ್‌ಗಳೂ ಮ್ಯಾಚ್ ಪ್ಲೇ. ಎದುರಾಳಿಯನ್ನು ಮರೆತು ಪಾರ್ ವಿರುದ್ಧ ಆಡಲು ಕಲಿತ ಮೇಲೆಯೇ ಮ್ಯಾಚ್‌ಗಳು ಕೈಗೆ ಬಂದವು ಅಂತ ಅವರು ಹೇಳುತ್ತಿದ್ದರು. ನಮ್ಮ ನಿಮ್ಮ ಮಟ್ಟಕ್ಕೆ ಆ ಪಾರ್ ಅಂದರೆ ಸ್ಟ್ರೋಕ್ ಕಳೆದ ಮೇಲಿನ ಪಾರ್. ಸ್ಟ್ರೋಕ್ ಸಿಗುವ ಹೋಲ್‌ನಲ್ಲಿ ಅದು ಬೋಗಿ.

ಹಾಗಾದರೆ ಆಡುವುದು ಹೇಗೆ? ಉದ್ದದ ಪಾರ್ 4 ಒಂದನ್ನು ತೆಗೆದುಕೊಳ್ಳಿ, 430 ಗಜ, ನಿಮಗೆ ಸ್ಟ್ರೋಕ್ ಇದೆ. ಅದನ್ನು ಪಾರ್ 5 ಅಂದುಕೊಂಡು ಆಡಿ. 190, 150, 90 ಗಜ. ಮೂರು ಸಾಧಾರಣ ಹೊಡೆತ, ಎರಡು ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ). ಎದುರಾಳಿ ನಿಮ್ಮನ್ನು ಸೋಲಿಸಬೇಕಾದರೆ ಅಲ್ಲಿ ಬರ್ಡಿ ಹೊಡೆಯಬೇಕು. ಅಂಥ ಹೋಲ್‌ನಲ್ಲಿ ಎರಡನೇ ಹೊಡೆತಕ್ಕೆ 3 ವುಡ್ (ದೂರ ಹೊಡೆಯುವ ಕ್ಲಬ್) ತೆಗೆದು ಗ್ರೀನ್ ಮುಂದಿನ ನೀರು ದಾಟಿಸುತ್ತೇನೆ ಅಂತ ನಿಲ್ಲುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕೈಯಲ್ಲಿರುವ ಸ್ಟ್ರೋಕನ್ನು ತಾವೇ ನೀರಿಗೆ ಹಾಕುತ್ತಾರೆ.

ಗ್ರೀನ್‌ಗೆ ಹೊಡೆಯುವಾಗ ಪಿನ್ ಎಲ್ಲಿದೆ ಅನ್ನುವುದನ್ನು ಅರ್ಧ ಮರೆತುಬಿಡಿ. ಗ್ರೀನ್ ನಡುವಿಗೆ ಹೊಡೆಯಿರಿ. ಇಳಿಜಾರಿನ ಗ್ರೀನ್ ಆದರೆ ಪಿನ್‌ಗಿಂತ ಕೆಳಗಿನ ಕಡೆ ಉಳಿಯುವಂತೆ ನೋಡಿಕೊಳ್ಳಿ, ಮೇಲ್ಮುಖದ ಪಟ್ ಸಿಗಲಿ. ಚೆಂಡು ಮರಗಳ ನಡುವೆ ಹೋದರೆ ಪಕ್ಕಕ್ಕೆ ಹೊಡೆದು ಫೇರ್‌ವೇಗೆ (ಹುಲ್ಲು ಕತ್ತರಿಸಿದ ನಡುದಾರಿಗೆ) ಬನ್ನಿ. ಒಂದು ಸ್ಟ್ರೋಕ್ ಹೋಯಿತು, ಆದರೆ ಸ್ಟ್ರೋಕ್ ನಿಮ್ಮ ಹತ್ತಿರ ಒಂದು ಇದೆಯಲ್ಲ.

ಎದುರಾಳಿಯ ಚೆಂಡು ಔಟ್ ಆಫ್ ಬೌಂಡ್ಸ್ (ಕೋರ್ಸಿನ ಗಡಿಯಾಚೆ) ಹೋದಾಗ ಜನ ಮಾಡುವ ಎಡವಟ್ಟು ಇನ್ನೂ ದೊಡ್ಡದು. ಪೆನಾಲ್ಟಿಯ ಒಂದು ಸ್ಟ್ರೋಕ್ ಸೇರಿ ಅವರು ಟೀಯಿಂದ ಮೂರನೇ ಹೊಡೆತ ಹೊಡೆಯಬೇಕು. ನೀವು ಐರನ್ (ಹತೋಟಿಯಲ್ಲಿ ಹೊಡೆಯುವ ಕ್ಲಬ್) ತೆಗೆದು ಫೇರ್‌ವೇಯಲ್ಲಿ ಇಟ್ಟರೆ ಆ ಹೋಲ್ ಹೆಚ್ಚುಕಮ್ಮಿ ನಿಮ್ಮದು. ಆದರೆ ಆಗಲೇ ಉತ್ಸಾಹ ಬಂದು ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ತೆಗೆಯುತ್ತಾರೆ, ಅದೇ ದಿಕ್ಕಿಗೆ ಹೊಡೆಯುತ್ತಾರೆ.

ಅಟ್ಯಾಕ್ ಯಾವಾಗಲೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಬಿಟ್ಟರೆ ಹೋಲ್ ಹೇಗೂ ಹೋಗುತ್ತದೆ ಅನ್ನುವಾಗ ಮಾತ್ರ ರಿಸ್ಕ್‌ಗೆ ಖರ್ಚಿಲ್ಲ. ಎದುರಾಳಿಯ ಚೆಂಡು ಪಿನ್ ಪಕ್ಕದಲ್ಲೇ ಬಿದ್ದಿದೆ, ನಿಮಗೆ ಆ ಹೋಲ್‌ನಲ್ಲಿ ಸ್ಟ್ರೋಕ್ ಇಲ್ಲ, ಆಗ ಪಿನ್‌ಗೇ ಹೊಡೆಯಿರಿ. ಟೂ ಡೌನ್ (ಎರಡು ಹೋಲ್ ಹಿಂದೆ) ಇದ್ದೀರಿ, ಎರಡೇ ಹೋಲ್ ಬಾಕಿ, ಎದುರಾಳಿ ಸುರಕ್ಷಿತವಾಗಿ ಗ್ರೀನ್ ಮೇಲಿದ್ದಾರೆ, ಆಗಲೂ ಹೊಡೆಯಿರಿ. ಎದುರಾಳಿ ಆಗಲೇ ಹೋಲ್ ಮುಗಿಸಿದ್ದಾರೆ, ಈ ಪಟ್ ಬಿದ್ದರೆ ಸಮ, ಬೀಳದಿದ್ದರೆ ಸೋಲು ಅನ್ನುವಾಗ ಪಟ್ ಖಂಡಿತ ಕಪ್ (ಗುಳಿ) ದಾಟುವಷ್ಟು ಜೋರಾಗಿರಲಿ. ಗಿಡ್ಡ ಬಿಟ್ಟು ಉಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಅದೇ ಗೆಲುವಿನ ಪಟ್ ಆಗಿದ್ದು, ಎರಡು ಪಟ್‌ನಲ್ಲಿ ಮುಗಿಸಿದರೆ ಸಮ ಆಗುವಂತಿದ್ದರೆ, ಆರು ಅಡಿ ಮುಂದೆ ಓಡಿಸಬೇಡಿ. "ಹತ್ತು ಹೊಡೆದರೂ ಒಂದೇ ಹೋಲ್" ಅನ್ನುವ ಮಾತಿಗೆ ಬೆಲೆ ಇರುವುದು ಇಂಥ ಕೆಲವೇ ಕಡೆ. ಮತ್ತೆ, ನಿಜವಾಗಿಯೂ ಸೋತ ಹೋಲ್ ಆದರೆ ಚೆಂಡು ಎತ್ತಿಕೊಂಡು ಮುಂದಿನ ಟೀಗೆ ನಡೆಯಿರಿ. ಆ ಅನುಕೂಲ ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಇಲ್ಲ.

ಪಟ್ ಮಾತು ಬಂತಲ್ಲ, ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅಮೆಚೂರ್ ಮ್ಯಾಚ್‌ಗಳಲ್ಲಿ ಮನಸ್ತಾಪ ಹೆಚ್ಚಾಗಿ ಇಲ್ಲೇ ಆಗುವುದು. ಎದುರಾಳಿಗೆ ಪಟ್ ಬಿಟ್ಟುಕೊಡುವ, ಅಂದರೆ ಹೊಡೆಯದೆಯೇ ಬಿತ್ತು ಅಂತ ಒಪ್ಪಿಕೊಳ್ಳುವ ವಿಷಯ.

ಮ್ಯಾಚ್ ಪ್ಲೇನಲ್ಲಿ ಎದುರಾಳಿಯ ಮುಂದಿನ ಹೊಡೆತವನ್ನು ನೀವು ಬಿಟ್ಟುಕೊಡಬಹುದು. ಹೋಲ್ ಮುಗಿಯುವ ಮೊದಲು ಯಾವಾಗ ಬೇಕಾದರೂ ಹೋಲನ್ನೇ ಬಿಟ್ಟುಕೊಡಬಹುದು. ಮ್ಯಾಚನ್ನೂ ಬಿಟ್ಟುಕೊಡಬಹುದು. ಒಮ್ಮೆ ಬಿಟ್ಟುಕೊಟ್ಟರೆ ಮುಗಿಯಿತು, ನೀವು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ, ಅವರು ಬೇಡ ಅನ್ನುವ ಹಾಗೂ ಇಲ್ಲ. ಬಿಟ್ಟುಕೊಟ್ಟ ಮೇಲೆ ಅವರು ಸುಮ್ನೆ ಹೊಡೆದು ಮಿಸ್ ಮಾಡಿದರೂ ಅದು ಲೆಕ್ಕಕ್ಕಿಲ್ಲ.

ಅಮೆರಿಕ, ಬ್ರಿಟನ್ ತಂಡಗಳ ನಡುವಿನ 1969ರ ರೈಡರ್ ಕಪ್‌ನಲ್ಲಿ, ರಾಯಲ್ ಬರ್ಕ್‌ಡೇಲ್ ಕೋರ್ಸಿನ ಕೊನೆಯ ಗ್ರೀನ್ ಮೇಲೆ, ಅಮೆರಿಕದ ಜಾಕ್ ನಿಕ್ಲಾಸ್ ತಮ್ಮ ಪಟ್ ಹಾಕಿದ ಮೇಲೆ ಬ್ರಿಟನ್ನಿನ ಟೋನಿ ಜ್ಯಾಕ್ಲಿನ್ ಅವರ ಪಟ್ ಬಿಟ್ಟುಕೊಟ್ಟರು. ಇಡೀ ಸ್ಪರ್ಧೆ 16-16ರಲ್ಲಿ ಸಮ ಆಯಿತು. ಅವರು ಪ್ರೊಫೆಷನಲ್‌ಗಳು, ಆದರೂ ಅಮೆಚೂರ್ ಆಟಗಾರರು ಪಟ್ ಬಿಟ್ಟುಕೊಡುವ ಮಾತು ಬಂದಾಗೆಲ್ಲ ಇದನ್ನೇ ನೆನೆಯುತ್ತಾರೆ. ನೆನೆಯಲಿ, ಒಳ್ಳೆಯದೇ. ಆದರೆ ಮೊದಲ ಎಂಟು ಹೋಲ್‌ಗಳಲ್ಲಿ ಮೂರು ಅಡಿ ಪಟ್‌ಗಳನ್ನೆಲ್ಲ ಬಿಟ್ಟುಕೊಟ್ಟು, ಹದಿನೇಳನೆಯ ಹೋಲ್‌ನಲ್ಲಿ ಎರಡು ಅಡಿ ಪಟ್ ಹಾಕಿಸಿ ಕೈ ನಡುಗಿಸೋಣ ಅನ್ನುವ ತಂತ್ರ ನನಗೆ ಇಷ್ಟವಿಲ್ಲ. ನಿಯಮದ ಪ್ರಕಾರ ತಪ್ಪಲ್ಲ. ಆದರೆ ಅದರಿಂದ ಗೆದ್ದ ಹೋಲ್‌ಗಿಂತ ಕಳೆದುಕೊಂಡ ಸ್ನೇಹ ಜಾಸ್ತಿ. ನಿಮಗೆ ಒಂದು ಅಳತೆ ಇರಲಿ, ಮೊದಲ ಹೋಲ್‌ನಿಂದ ಕೊನೆಯ ಹೋಲ್‌ವರೆಗೆ ಅದೇ ಇರಲಿ. ಕಷ್ಟದ ಕೋರ್ಸಿನಲ್ಲಿ ಆ ಅಳತೆ ಚಿಕ್ಕದೇ ಇರಬೇಕು, ವೇಗದ ಇಳಿಜಾರು ಗ್ರೀನ್ ಮೇಲೆ ಎರಡು ಅಡಿಯೂ ಪಟ್ಟೇ.

ನಿಮ್ಮ ಕಡೆಯಿಂದ ನೋಡಿದರೆ, ಪಟ್ ಬಿಟ್ಟುಕೊಡಿ ಅಂತ ಮುಖ ನೋಡುತ್ತ ನಿಲ್ಲಬೇಡಿ. ಹಾಕಲು ಸಿದ್ಧರಾಗಿಯೇ ಹೋಗಿ. ಎದುರಾಳಿ ಏನೋ ಗೊಣಗಿದರು, ಬಿಟ್ಟುಕೊಟ್ಟರು ಅಂದುಕೊಂಡು ಚೆಂಡು ಎತ್ತಿಬಿಟ್ಟಿರಿ, ಅವರು "ನಾನು ಹಾಗೆ ಹೇಳಲಿಲ್ಲ" ಅಂದರು. ಹಾಗೆ ಅಂದುಕೊಳ್ಳಲು ನ್ಯಾಯವಾದ ಕಾರಣ ಇದ್ದರೆ ಪೆನಾಲ್ಟಿ ಇಲ್ಲ, ಚೆಂಡನ್ನು ಇದ್ದ ಜಾಗದಲ್ಲೇ ಇಟ್ಟು ಪಟ್ ಹಾಕಬೇಕು. ಅವರು ಏನೂ ಹೇಳದೆ ನೀವೇ ಎತ್ತಿದ್ದರೆ ಒಂದು ಸ್ಟ್ರೋಕ್ ಪೆನಾಲ್ಟಿ ಬೀಳುತ್ತದೆ. ಹಾಗಾಗಿ ಸರಿಯಾಗಿ ಕೇಳಿಸದಿದ್ದರೆ "ಬಿಟ್ಟುಕೊಟ್ರಾ?" ಅಂತ ಕೇಳಿ, ಉತ್ತರ ಬಂದ ಮೇಲೆ ಚೆಂಡಿಗೆ ಕೈ ಹಾಕಿ.