ಪಡುಬಿದ್ರಿ–ಕಾರ್ಕಳ ರಸ್ತೆ ‘ರಾಜ್ಯ ಹೆದ್ದಾರಿ 1’ ಯಾಕೆ?

ಓದುಗರ ಪ್ರಶ್ನೆ: ಪಡುಬಿದ್ರಿಯಿಂದ ಬೆಳ್ಮಣ್ ಮೇಲೆ ಕಾರ್ಕಳಕ್ಕೆ ಹೋಗುವ ರಸ್ತೆ ರಾಜ್ಯ ಹೆದ್ದಾರಿ 1. ಬಜ್ಪೆ–ಕಟೀಲು ದಾರಿ 67, ಸುರತ್ಕಲ್–ಕಬಕ 101. ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 66, 73, 75, 169 ಇವೆ. ಈ ಸಂಖ್ಯೆಗಳಿಗೆ ಏನಾದರೂ ಲೆಕ್ಕಾಚಾರ ಇದೆಯೇ?

ರಾಷ್ಟ್ರೀಯ ಹೆದ್ದಾರಿಗಳಿಗೆ ಇದೆ. ನಮ್ಮ ರಾಜ್ಯ ಹೆದ್ದಾರಿಗಳಿಗೆ ಇಲ್ಲ. ಗೊಂದಲವೆಲ್ಲ ಹುಟ್ಟುವುದು ಎರಡನ್ನೂ ಒಂದೇ ಕಣ್ಣಿನಿಂದ ನೋಡಿದಾಗ.

ದೇಶದ ರಸ್ತೆಗಳನ್ನು ರಾಷ್ಟ್ರೀಯ, ರಾಜ್ಯ, ಜಿಲ್ಲಾ, ಗ್ರಾಮ ಎಂದು ವಿಂಗಡಿಸಿದ್ದು 1943ರ ನಾಗಪುರ ಯೋಜನೆ. ಆಗ ದಕ್ಷಿಣ ಕನ್ನಡ ಮದ್ರಾಸಿನ ಆಡಳಿತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ರಾಜ್ಯದ ರಸ್ತೆಗಳಿಗೆ ಈಗಿರುವ ಕಾನೂನಿನ ಆಧಾರ 1964ರ ಕರ್ನಾಟಕ ಹೆದ್ದಾರಿ ಕಾಯ್ದೆ.

ರಾಷ್ಟ್ರೀಯ ಹೆದ್ದಾರಿಗಳಿಗೂ ಮೊದಲು ದಿಕ್ಕಿನ ಲೆಕ್ಕ ಇರಲಿಲ್ಲ. ಕರಾವಳಿಯ ರಸ್ತೆ 17, ಶಿರಾಡಿ ಘಾಟಿಯದ್ದು 48, ಕಾರ್ಕಳದ ಮೇಲೆ ಸೋಲಾಪುರಕ್ಕೆ ಹೋಗುವುದು 13, ಚಾರ್ಮಾಡಿಯದ್ದು 234. 2010ರಲ್ಲಿ ಎಲ್ಲವನ್ನೂ ಬದಲಿಸಿ ಒಂದು ನಿಯಮ ತಂದರು. ಉತ್ತರ–ದಕ್ಷಿಣವಾಗಿ ಹೋಗುವ ರಸ್ತೆಗೆ ಸಮಸಂಖ್ಯೆ. ಅದು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಬಂಗಾಳ ಕೊಲ್ಲಿಯ ದಡದ್ದು 16, ದೇಶದ ನಡುವೆ ಕನ್ಯಾಕುಮಾರಿಗೆ ಇಳಿಯುವುದು 44, ನಮ್ಮ ಕಡಲ ಬದಿಯದ್ದು 66. ಪೂರ್ವ–ಪಶ್ಚಿಮದ ರಸ್ತೆಗೆ ಬೆಸಸಂಖ್ಯೆ. ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಹೊನ್ನಾವರದಿಂದ ಹೊರಡುವುದು 69, ಮಂಗಳೂರಿನಿಂದ ಚಾರ್ಮಾಡಿ ಹತ್ತುವುದು 73, ಶಿರಾಡಿ ಹತ್ತುವುದು 75, ಕೊಚ್ಚಿಯಿಂದ ಹೊರಡುವುದು 85. ನಕ್ಷೆ ಬಿಚ್ಚಿ ನೋಡಿದರೆ ಮೇಲಿನಿಂದ ಕೆಳಗೆ ಸಾಲಾಗಿ ಸಿಗುತ್ತವೆ.

ಮೂರಂಕಿಯ ಸಂಖ್ಯೆ ಎಂದರೆ ಕವಲು. ಕೊನೆಯ ಎರಡು ಅಂಕಿ ಮೂಲ ರಸ್ತೆಯವು. ಶಿವಮೊಗ್ಗದಲ್ಲಿ 69ರಿಂದ ಒಡೆದು ತೀರ್ಥಹಳ್ಳಿ, ಕಾರ್ಕಳ, ಮೂಡುಬಿದಿರೆ ಮೂಲಕ ಮಂಗಳೂರಿಗೆ ಬರುವುದು 169. ಅದರ ಕವಲು 169ಎ ಆಗುಂಬೆ ಇಳಿದು ಹೆಬ್ರಿ, ಉಡುಪಿ ಹಾದು ಮಲ್ಪೆಯ ಕಡಲಿಗೆ ಮುಟ್ಟುತ್ತದೆ. ಪುತ್ತೂರು–ಸುಳ್ಯದ 275 ಹಾಗೆಯೇ 75ರ ಮರಿ.

ರಾಜ್ಯ ಹೆದ್ದಾರಿಗೆ ಈ ಯಾವ ನಿಯಮವೂ ಇಲ್ಲ. ಅದು ಪಟ್ಟಿಯ ಕ್ರಮಸಂಖ್ಯೆ ಅಷ್ಟೆ. ಪಡುಬಿದ್ರಿಯಿಂದ ಬೆಳಗಾವಿ ಜಿಲ್ಲೆಯ ಚಿಕ್ಕಾಲಗುಡ್ಡದವರೆಗಿನ ರಸ್ತೆ 1. ಬೆಂಗಳೂರು–ಮೈಸೂರು ರಸ್ತೆ 17 ಆಗಿತ್ತು. ಬಜ್ಪೆ, ಕಟೀಲು, ಕಿನ್ನಿಗೋಳಿ, ಶಿರ್ವ ಹಾದು ಅತ್ರಾಡಿಯಲ್ಲಿ 169ಎಗೆ ಸೇರುವ ಮಂಗಳೂರು–ಅತ್ರಾಡಿ ರಸ್ತೆ 67. ಮೊದಲ ಸಂಖ್ಯೆ ಸಿಕ್ಕಿತೆಂದು ಪಡುಬಿದ್ರಿ ರಸ್ತೆ ರಾಜ್ಯದಲ್ಲೇ ದೊಡ್ಡದು, ಹಳೆಯದು ಎಂದು ಅರ್ಥವಲ್ಲ. ಆದ್ದರಿಂದ ಅರ್ಜಿಯಲ್ಲಿ ಸಂಖ್ಯೆ ಒಂದನ್ನೇ ಬರೆಯಬೇಡಿ. ಎರಡು ತುದಿಯ ಊರಿನ ಹೆಸರೂ ಇರಲಿ.

ರಾಜ್ಯ ಹೆದ್ದಾರಿ ಮೇಲ್ದರ್ಜೆಗೇರಿದಾಗ ಹಳೆಯ ಸಂಖ್ಯೆ ಬಿದ್ದುಹೋಗುತ್ತದೆ. ಬೆಂಗಳೂರು–ಮೈಸೂರಿನ 17 ಮತ್ತು ಮೈಸೂರಿನಿಂದ ಬಂಟ್ವಾಳದ ಕಡೆಗಿನ 88 ಒಟ್ಟಾಗಿ ರಾಷ್ಟ್ರೀಯ ಹೆದ್ದಾರಿ 275 ಆದದ್ದು ಹೀಗೆ. ನಮ್ಮವರು ಅದನ್ನು ಈಗಲೂ ಮಾಣಿ–ಮೈಸೂರು ರಸ್ತೆ ಎಂದೇ ಕರೆಯುತ್ತಾರೆ, ಅದೇ ಒಳ್ಳೆಯದು: ಸಂಖ್ಯೆ ಬದಲಾದರೂ ಈ ಹೆಸರು ಕೆಡುವುದಿಲ್ಲ.

ಹಳೆಯ ಕ್ರಯಪತ್ರದಲ್ಲಿ ‘ಪಶ್ಚಿಮಕ್ಕೆ ರಾಷ್ಟ್ರೀಯ ಹೆದ್ದಾರಿ 17’ ಎಂದಿದ್ದರೆ ಗಾಬರಿ ಬೇಡ. ಸಂಖ್ಯೆ ಬದಲಾದ ಮಾತ್ರಕ್ಕೆ ಚಕ್ಕುಬಂದಿ ಬದಲಾಗುವುದಿಲ್ಲ. ಆದರೆ ಬೈಪಾಸ್ ಆದ ಕಡೆ ಎಚ್ಚರ: ಹೊಸ ಸಂಖ್ಯೆ ಹೊಸ ರಸ್ತೆಗೆ ಹೋಗಿ, ಪತ್ರದಲ್ಲಿರುವ ಹಳೆಯ ರಸ್ತೆ ಬೇರೆ ವರ್ಗದಲ್ಲಿ ಉಳಿದಿರಬಹುದು. ಕಟ್ಟಡಕ್ಕೆ ರಸ್ತೆಯಿಂದ ಬಿಡಬೇಕಾದ ಜಾಗ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಪರವಾನಗಿಗೆ ಮೊದಲು ರಸ್ತೆಯ ಈಗಿನ ವರ್ಗವನ್ನು ಲೋಕೋಪಯೋಗಿ ಇಲಾಖೆಯಲ್ಲಿ ಲಿಖಿತವಾಗಿ ಕೇಳಿ ತಿಳಿಯಿರಿ.

ಗುಂಡಿ, ಚರಂಡಿ, ಮುರಿದ ತಡೆಗೋಡೆಯ ದೂರು ಕೊಡುವಾಗಲೂ ವರ್ಗ ಮುಖ್ಯ. ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ, ಹಸಿರಾದರೆ ರಾಜ್ಯ ಹೆದ್ದಾರಿ. ಹಳದಿಯದ್ದಕ್ಕೆ ಹೆದ್ದಾರಿ ಸಹಾಯವಾಣಿ 1033 ಇದೆ. ಹಸಿರಿನದ್ದಕ್ಕೆ ತಾಲ್ಲೂಕಿನ ಲೋಕೋಪಯೋಗಿ ಉಪವಿಭಾಗದ ಕಚೇರಿಗೆ ಹೋಗಿ. ಕೆಲವು ಭಾಗ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮದ ಕೈಯಲ್ಲಿರಬಹುದು, ಅದನ್ನೂ ಅಲ್ಲೇ ವಿಚಾರಿಸಿ. ಕಲ್ಲಿನ ಮೇಲಿನ ಕಿಲೋಮೀಟರ್ ಅಂಕಿ, ರಸ್ತೆಯ ಎಡಬದಿಯೋ ಬಲಬದಿಯೋ, ಯಾವ ಊರಿನ ಕಡೆಗೆ ಹೋಗುವಾಗ ಎಂಬುದು, ಜೊತೆಗೊಂದು ಫೋಟೊ ದೂರಿನಲ್ಲಿರಲಿ. ಅಷ್ಟಿದ್ದರೆ ಎಂಜಿನಿಯರ್ ನೇರವಾಗಿ ಆ ಜಾಗಕ್ಕೇ ಬರಬಹುದು.