ಇನ್ನರ್ ಕೋರ್ ನಿಂತಿಲ್ಲ, ಅವಳಿ ಭೂಕಂಪಗಳನ್ನ ಕೇಳಿ ನೋಡಿ

2023ರ ಜನವರಿಲಿ ಎಲ್ಲಿ ನೋಡಿದ್ರೂ ಒಂದೇ ಸುದ್ದಿ, ಭೂಮಿಯ ನಟ್ಟನಡುವಿನ ಗಟ್ಟಿ ಉಂಡೆ, ಅಂದ್ರೆ ಇನ್ನರ್ ಕೋರ್, ತಿರುಗೋದು ನಿಲ್ಲಿಸಿದೆ, ಈಗ ಉಲ್ಟಾ ತಿರುಗ್ತಿದೆ ಅಂತ. ಅದಕ್ಕೆ ಪ್ರಳಯ, ಗ್ರಹಚಾರ ಎಲ್ಲ ಸೇರಿಸಿ ವಿಡಿಯೊ ಬೇರೆ. ಈಗಲೂ ಆಗಾಗ ಅದು ಫಾರ್ವರ್ಡ್ ಆಗಿ ಬಂದ್ರೆ ನಂಗೆ ನಿಜಕ್ಕೂ ಬೇಜಾರಾಗತ್ತೆ, ಯಾಕಂದ್ರೆ ಏನೂ ನಿಂತಿಲ್ಲ, ಅದು ನಮ್ಮ ಜೊತೆಗೇ ದಿನಕ್ಕೊಂದು ಸುತ್ತು ಹಾಕ್ತಾನೇ ಇದೆ. ಆ ಸುದ್ದಿಗೆ ಮೂಲವಾದ ಸಂಶೋಧನೆ ಮಾಡಿದ ಚೀನಾದ ಪೇಕಿಂಗ್ ಯೂನಿವರ್ಸಿಟಿಯ ಯಾಂಗ್ ಮತ್ತು ಸಾಂಗ್ ಹೇಳಿದ್ದು ಬೇರೆ ಮಾತು. ಕೋರಿನ ಮೇಲಿರೋ ದಪ್ಪ ಬಂಡೆ ಪದರ, ಮ್ಯಾಂಟಲ್‌ಗಿಂತ ಇನ್ನರ್ ಕೋರ್ ಒಂಚೂರು ಮುಂದೆ ಓಡ್ತಿತ್ತು, ಅದೂ ಇಡೀ ವರ್ಷಕ್ಕೆ ಒಂದು ಡಿಗ್ರಿಯೊಳಗೆ, 2009ರ ಹೊತ್ತಿಗೆ ಆ ಹೆಚ್ಚಿನ ಓಟ ಹೆಚ್ಚುಕಮ್ಮಿ ನಿಂತು ಈಗ ಸ್ವಲ್ಪ ಹಿಂದೆ ಬೀಳ್ತಾ ಇರೋ ಹಾಗಿದೆ, ಅಷ್ಟೇ.

ಅಲ್ಲ, ಅದು ನಮ್ಮ ಕಾಲ ಕೆಳಗೆ 5150 ಕಿ.ಮೀ. ಆಳದಲ್ಲಿದೆ, ಮನುಷ್ಯ ಕೊರೆದಿರೋ ಅತಿ ಆಳದ ತೂತು, ರಷ್ಯಾದ ಕೋಲಾದ್ದು, 12 ಕಿ.ಮೀ. ಚಿಲ್ಲರೆ. ಮತ್ತೆ ಇದೆಲ್ಲ ಗೊತ್ತಾಗಿದ್ದು ಹೇಗೆ? ಭೂಕಂಪದ ಅಲೆಗಳಿಂದ.

ಇನ್ನರ್ ಕೋರ್ ಅನ್ನೋದೊಂದು ಇದೆ ಅಂತ ತಿಳಿದಿದ್ದೂ ಹಾಗೇನೆ. 1929ರಲ್ಲಿ ನ್ಯೂಜಿಲೆಂಡಿನ ಮರ್ಚಿಸನ್ ಹತ್ರ ದೊಡ್ಡ ಭೂಕಂಪ ಆಯ್ತು. ಕೋರ್ ಪೂರ್ತಿ ದ್ರವ ಆಗಿದ್ರೆ ಅಲೆ ಬಗ್ಗಿ, ಒಂದಷ್ಟು ಕಡೆ ನೆರಳು ಬಿದ್ದ ಹಾಗೆ ಏನೂ ತಲುಪಬಾರದು, ಆದ್ರೆ ಅಂಥ ಕಡೆ ಇದ್ದ ಭೂಕಂಪ ಅಳೆಯೋ ಸ್ಟೇಷನ್‌ಗಳಲ್ಲೂ ಸಣ್ಣ ಸಣ್ಣ ಅಲೆ ದಾಖಲಾಗಿತ್ತು. ಬೇರೆಯವರು ಅದನ್ನ ಏನೋ ಒಂದು ಹೇಳಿ ತಳ್ಳಿಹಾಕ್ತಿದ್ರು. ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೇಮನ್ ಬಿಡ್ಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲ, ಭೂಕಂಪದ ಟೈಮಿಂಗ್‌ಗಳನ್ನ ಕಾರ್ಡುಗಳಲ್ಲಿ ಬರೆದು ಓಟ್ಸ್ ಡಬ್ಬಿಗಳಲ್ಲಿ ಜೋಡಿಸಿಟ್ಕೊಂಡು ಲೆಕ್ಕ ಹಾಕ್ತಿದ್ರಂತೆ. ದ್ರವದ ಒಳಗೆ ಇನ್ನೊಂದು ಕೋರ್ ಇರಲೇಬೇಕು ಅಂತ 1936ರಲ್ಲಿ ಬರೆದ್ರು. ಈಗಿನ ಲೆಕ್ಕದಲ್ಲಿ ಅದು ಸುಮಾರು 1220 ಕಿ.ಮೀ. ತ್ರಿಜ್ಯದ ಗಟ್ಟಿ ಕಬ್ಬಿಣದ ಉಂಡೆ. ಆ ಪುಣ್ಯಾತ್ಗಿತ್ತಿ 104 ವರ್ಷ ಬದುಕಿದ್ರು!

ಈಗ ತಿರುಗಾಟದ ವಿಷಯ. ಅಂಟಾರ್ಕ್ಟಿಕಾ ಕಡೆ ಸೌತ್ ಸ್ಯಾಂಡ್‌ವಿಚ್ ದ್ವೀಪಗಳಲ್ಲಿ, ಒಂದೇ ಜಾಗದ ಬಂಡೆ ಕೆಲವು ವರ್ಷ ಬಿಟ್ಟು ಮತ್ತೆ ಹಾಗೇ ಜಾರತ್ತೆ, ಎರಡೂ ಭೂಕಂಪದ ಗ್ರಾಫ್ ಒಂದರ ಮೇಲೊಂದು ಇಟ್ರೆ ಗೆರೆಗೆ ಗೆರೆ ಕೂಡತ್ತೆ. ಇವೇ ಅವಳಿಗಳು. ಇವುಗಳ ಅಲೆ ಭೂಮಿಯೊಳಗೇ ಹಾದು ಅಲಾಸ್ಕಾ ತಲುಪತ್ತೆ. ತುಮಕೂರಿಂದ ಹೊಸೂರಿಗೆ ಎರಡು ಬಸ್ ಒಟ್ಟಿಗೆ ಹೊರಟ್ವು ಅಂದ್ಕೊಳ್ಳಿ, ಒಂದು ಬೆಂಗಳೂರು ಸಿಟಿ ಒಳಗೆ ಹಾದು, ಇನ್ನೊಂದು ಹೊರಗಿನ ನೈಸ್ ರೋಡಲ್ಲಿ. ಹತ್ತು ವರ್ಷ ಬಿಟ್ಟು ಅದೇ ಥರ ಎರಡು ಬಸ್ ಬಿಡಿ, ನೈಸ್ ರೋಡಿಂದು ಅಷ್ಟೇ ಟೈಮಿಗೆ ಬಂದು ಸಿಟಿಯದು ಮಾತ್ರ ಬೇಗ ಬಂದ್ರೆ ಬದಲಾಗಿರೋದು ಸಿಟಿ ಒಳಗೇ ತಾನೇ? 1993 ಮತ್ತು 2003ರ ಅವಳಿಯಲ್ಲಿ ಆಗಿದ್ದು ಇದೇ. ಸುತ್ತಲಿನ ದ್ರವದ ಭಾಗ, ಔಟರ್ ಕೋರ್, ಅದನ್ನ ಮಾತ್ರ ದಾಟಿದ ಅಲೆ ಹಾಗೇ ಇತ್ತು, ಇನ್ನರ್ ಕೋರ್ ದಾಟಿದ ಅಲೆ ಸುಮಾರು 0.1 ಸೆಕೆಂಡ್ ಮುಂಚೆ ಬಂತು.

ಯಾಕೆ ಮುಂಚೆ? ಆ ಉಂಡೆ ಎಲ್ಲ ಕಡೆ ಒಂದೇ ಥರ ಇಲ್ಲ. ಉತ್ತರ ದಕ್ಷಿಣ ದಿಕ್ಕಲ್ಲಿ ಹೋಗೋ ಅಲೆ ಪೂರ್ವ ಪಶ್ಚಿಮದ್ದಕ್ಕಿಂತ ಸುಮಾರು 3% ಜೋರಾಗಿ ಓಡತ್ತೆ, ಜೊತೆಗೆ ಜಾಗದಿಂದ ಜಾಗಕ್ಕೂ ವೇಗ ಬೇರೆ. ಉಂಡೆ ಸ್ವಲ್ಪ ತಿರುಗಿದ್ರೆ ಅಲೆಯ ದಾರಿಗೆ ಬೇರೆ ಭಾಗ ಬಂದು ನಿಲ್ಲತ್ತೆ. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯೋಕೆ ಸೀಸ್ಮೋಮೀಟರ್‌ಗಳ, ಅಂದ್ರೆ ಭೂಕಂಪದ ಅಲೆ ಅಳೆಯೋ ಯಂತ್ರಗಳ, ಸಾಲೇ ಇದ್ರೆ ಅನುಕೂಲ. ನಮ್ಮ ಗೌರಿಬಿದನೂರಲ್ಲೂ 1960ರ ದಶಕದಿಂದ ಅಂಥದ್ದೊಂದಿದೆ, ಮೂಲತಃ ಬೇರೆ ದೇಶಗಳ ಅಣು ಪರೀಕ್ಷೆ ಪತ್ತೆ ಮಾಡೋಕೆ ಹಾಕಿದ್ದು.

ನಂಗೆ ರೋಮಾಂಚನ ಆಗಿದ್ದು 2024ರಲ್ಲಿ. ಕೋರ್ ನಿಜಕ್ಕೂ ಹಿಂದಕ್ಕೆ ಬರ್ತಿದ್ರೆ, ಮುಂದೆ ಹೋಗುವಾಗ ಇದ್ದ ಜಾಗಕ್ಕೇ ಮತ್ತೆ ಬರಬೇಕು, ಆಗ ಹಳೇ ಗ್ರಾಫ್ ಎಷ್ಟೋ ವರ್ಷದ ಮೇಲೆ ಯಥಾವತ್ ಮರುಕಳಿಸಬೇಕು. ಅಮೆರಿಕದ ಭೂಕಂಪ ವಿಜ್ಞಾನಿ ಜಾನ್ ವಿಡಾಲೆ ತಂಡ 1991ರಿಂದ 2023ರವರೆಗಿನ 121 ಮರುಕಳಿಸಿದ ಭೂಕಂಪ ಹುಡುಕಿ ನೋಡಿದ್ರೆ, ಹಾಗೇ ಕೂಡ್ತು! ಆದ್ರೆ 2025ರಲ್ಲಿ ಅವರೇ ಇನ್ನೊಂದು ತೊಡಕು ತೋರಿಸಿದ್ರು. ಕೋರ್ ಅದೇ ಜಾಗಕ್ಕೆ ವಾಪಸ್ ಬಂದಿದ್ರೂ ಕೆನಡಾದ ಯೆಲ್ಲೊನೈಫ್‌ನಲ್ಲಿ ಕೆಲವು ಅಲೆ ಕೂಡ್ಲಿಲ್ಲ, ಅಂದ್ರೆ ತಿರುಗೋದರ ಜೊತೆಗೆ ಇನ್ನರ್ ಕೋರಿನ ಮೇಲ್ಮೈಯೇ ಅಲ್ಲಲ್ಲಿ ಆಕಾರ ಬದಲಿಸ್ತಿರಬಹುದು ಅಂತ.