ಟೊಂಕಾತ್ಸು: ಅನ್ನದ ಜೊತೆಗಾರನಾದ ಕಟ್ಲೆಟ್

ಹಂದಿಮಾಂಸದ ದಪ್ಪ ತುಂಡಿಗೆ ಮೊದಲು ಮೈದಾ ಸವರಿ, ಮೊಟ್ಟೆಯಲ್ಲಿ ಅದ್ದಿ, ಒರಟಾದ ಬ್ರೆಡ್ ಚೂರುಗಳಲ್ಲಿ ಹೊರಳಿಸಿ, ತುಂಬಿದ ಎಣ್ಣೆಯಲ್ಲಿ ಕರಿದರೆ ಟೊಂಕಾತ್ಸು. ‘ಟೊನ್’ ಎಂದರೆ ಹಂದಿ. ‘ಕಾತ್ಸು’ ಎಂಬುದು ‘ಕಾತ್ಸುರೆತ್ಸು’ವಿನ ಮೊಟಕು ರೂಪ, ನಾವೂ ಬಳಸುವ ‘ಕಟ್ಲೆಟ್’ ಪದವೇ ಜಪಾನಿನ ಬಾಯಲ್ಲಿ ಹೀಗಾಗಿದೆ. ಆದರೆ ನಮ್ಮ ರೈಲು, ಬೇಕರಿಗಳ ಕಟ್ಲೆಟ್ಟಿನಂತೆ ಇದರಲ್ಲಿ ಬೇಯಿಸಿ ಕಲಸಿದ್ದು ಏನೂ ಇರುವುದಿಲ್ಲ. ಒಳಗಿರುವುದು ಮಾಂಸದ ಒಂದೇ ಇಡೀ ತುಂಡು.

ಬೌದ್ಧ ಧರ್ಮದ ಪ್ರಭಾವದಿಂದ ಶತಮಾನಗಳ ಕಾಲ ಮಾಂಸದಿಂದ ಬಹುಮಟ್ಟಿಗೆ ದೂರವಿದ್ದ ಜಪಾನಿನಲ್ಲಿ, 1872ರಲ್ಲಿ ಮೇಜಿ ಚಕ್ರವರ್ತಿಯೇ ಗೋಮಾಂಸ ತಿಂದ ಸುದ್ದಿ ಜನರ ಮನಸ್ಸನ್ನು ಬದಲಿಸಿತು. ಟೋಕಿಯೊದ ಗಿಂಜಾದಲ್ಲಿ 1895ರಲ್ಲಿ ಆರಂಭವಾದ ರೆಂಗಾತೆಯಿ ಎಂಬ ಪಾಶ್ಚಾತ್ಯ ಶೈಲಿಯ ಹೋಟೆಲು, ಬೆಣ್ಣೆಯಲ್ಲಿ ಬಾಡಿಸುವ ಯುರೋಪಿನ ಕಟ್ಲೆಟ್ಟನ್ನು ಟೆಂಪುರಾದಂತೆ (ತರಕಾರಿ, ಸಿಗಡಿಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಜಪಾನಿ ತಿನಿಸು) ಎಣ್ಣೆಯಲ್ಲಿ ಮುಳುಗಿಸಿ ಕರಿಯತೊಡಗಿತು. ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸನ್ನು ಜೊತೆಗಿಟ್ಟದ್ದೂ ಅದೇ ಹೋಟೆಲು ಎನ್ನುತ್ತಾರೆ. ಮುಂದೆ, 1930ರ ಆಸುಪಾಸಿನಲ್ಲಿ, ಟೋಕಿಯೊದ ಉಯೆನೊ ಭಾಗದ ಅಂಗಡಿಗಳಲ್ಲಿ ತುಂಡು ಇನ್ನಷ್ಟು ದಪ್ಪವಾಯಿತು. ಅಡುಗೆಯವನೇ ಅದನ್ನು ಕತ್ತರಿಸಿ ಕೊಡತೊಡಗಿದ. ಚಾಕು, ಫೋರ್ಕುಗಳ ಜಾಗಕ್ಕೆ ಚಾಪ್‌ಸ್ಟಿಕ್ ಬಂತು. ಅನ್ನ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ಉಪ್ಪಿನಕಾಯಿ ಜೊತೆಯಾದವು. ನನ್ನ ದೃಷ್ಟಿಯಲ್ಲಿ ಟೊಂಕಾತ್ಸು ನಿಜವಾಗಿ ಹುಟ್ಟಿದ್ದು ಆಗಲೇ. ಹೊರಗಿನಿಂದ ಬಂದ ತಿನಿಸನ್ನು ಒಂದು ನಾಡು ತನ್ನ ಊಟದ ಕ್ರಮಕ್ಕೆ ಇಷ್ಟು ಪೂರ್ತಿಯಾಗಿ ಒಗ್ಗಿಸಿಕೊಂಡ ಉದಾಹರಣೆಗಳು ಕಡಿಮೆ.

ಇಷ್ಟು ತಿಳಿದಿದ್ದರೆ ಅಂಗಡಿಯಲ್ಲಿ ನಡೆಯುವ ಪ್ರತಿಯೊಂದಕ್ಕೂ ಅರ್ಥ ಹೊಳೆಯುತ್ತದೆ. ಕುಳಿತ ಕೂಡಲೇ ಎದುರಾಗುವ ಪ್ರಶ್ನೆ: ‘ರೋಸು’ ಬೇಕೋ, ‘ಹಿರೆ’ ಬೇಕೋ? ರೋಸು ಬೆನ್ನಿನ ಭಾಗ. ಒಂದಂಚಿನಲ್ಲಿ ಕೊಬ್ಬಿನ ಪಟ್ಟಿ ಇರುತ್ತದೆ. ಹಿರೆ ಕೊಬ್ಬಿಲ್ಲದ, ಬಲು ಮೃದುವಾದ ಒಳಮಾಂಸ. ಮೊದಲ ಬಾರಿ ತಿನ್ನುವವರು ರೋಸುವನ್ನೇ ಕೇಳಬೇಕು ಎಂಬುದು ನನ್ನ ಸಲಹೆ. ಆ ಕೊಬ್ಬು ಬಿಸಿಗೆ ಕರಗಿ ಸಿಹಿಯಾಗುತ್ತದೆ, ರುಚಿ ಇರುವುದೇ ಅಲ್ಲಿ. ಕೊಡಗಿನ ಪಂದಿ ಕರಿಯಲ್ಲಿ ಕೊಬ್ಬಿನ ತುಂಡನ್ನೇ ಹುಡುಕಿ ತಿನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿನಿಸುಗಳ ಪಟ್ಟಿಯಲ್ಲಿ ‘ಕುರೊಬುತಾ’ ಎಂದಿದ್ದರೆ ಅದು ಕಪ್ಪು ಹಂದಿ. ಕ್ಯುಶು ದ್ವೀಪದ ಕಾಗೊಶಿಮಾ ಅದಕ್ಕೆ ಹೆಸರುವಾಸಿ, ಬೆಲೆಯೂ ಹೆಚ್ಚು. ‘ತೆಯಿಶೊಕು’ ಎಂದರೆ ಅನ್ನ, ಸಾರು ಸೇರಿದ ಪೂರ್ತಿ ಊಟ.

ದಪ್ಪ ಮಾಂಸ ಒಳಗಿನವರೆಗೆ ಬೇಯಲು ಹೊತ್ತು ಹಿಡಿಯುತ್ತದೆ. ಎಣ್ಣೆಯಿಂದ ತೆಗೆದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇಟ್ಟು, ಒಳಗಿನ ಶಾಖದಲ್ಲಿ ಹದಕ್ಕೆ ಬಂದ ಮೇಲಷ್ಟೇ ಕತ್ತರಿಸುತ್ತಾರೆ. ಕಾಯುವ ಈ ಹೊತ್ತಿಗೆ ಕೆಲವು ಅಂಗಡಿಗಳು ಕೈಗೊಂದು ಕೆಲಸ ಕೊಡುತ್ತವೆ. ಒಳಮೈಯಲ್ಲಿ ಗೀರುಗಳಿರುವ ‘ಸುರಿಬಾಚಿ’ ಎಂಬ ಪುಟ್ಟ ಬಟ್ಟಲು, ಅದರಲ್ಲಿ ಹುರಿದ ಎಳ್ಳು, ಅರೆಯಲು ಮರದ ಕೋಲು. ಎಳ್ಳನ್ನು ನುಣ್ಣಗೆ ಮಾಡಬೇಡಿ. ಪರಿಮಳ ಏಳುವಷ್ಟು ಅರೆದರೆ ಸಾಕು. ಆಮೇಲೆ ಮೇಜಿನ ಮೇಲಿನ ಕಪ್ಪು, ಗಟ್ಟಿ, ಸಿಹಿ-ಹುಳಿ ಸಾಸನ್ನು ಅದಕ್ಕೆ ಸುರಿದುಕೊಳ್ಳಬೇಕು. ತಟ್ಟೆಯಂಚಿನ ಹಳದಿ ಮುದ್ದೆ ‘ಕರಾಶಿ’, ಅಂದರೆ ಸಾಸಿವೆ. ಅದು ಮೂಗಿಗೇರುವಷ್ಟು ಖಾರ, ಆದ್ದರಿಂದ ಚೂರೇ ಹಚ್ಚಿಕೊಳ್ಳಿ.

ಟೊಂಕಾತ್ಸುವನ್ನು ಹಲವೆಡೆ ತಂತಿಯ ಜಾಲರಿಯ ಮೇಲಿಟ್ಟು ತರುತ್ತಾರೆ, ಅಡಿಭಾಗ ಬೆವರಿ ಮೆತ್ತಗಾಗದಿರಲೆಂದು. ಇಷ್ಟು ಜತನದಿಂದ ಉಳಿಸಿದ ಗರಿಗರಿಯನ್ನು ಸಾಸಿನಲ್ಲಿ ಮುಳುಗಿಸಿ ಕೆಡಿಸಬಾರದು. ಮೊದಲ ತುಂಡಿಗೆ ಬರೀ ಉಪ್ಪು ಉದುರಿಸಿ, ಮಾಂಸದ ರುಚಿ ನೋಡಿ. ಉಳಿದವನ್ನು ಒಂದೊಂದಾಗಿ ಸಾಸಿಗೆ ಅದ್ದಿ. ನಡುನಡುವೆ ಎಲೆಕೋಸು ತಿನ್ನುತ್ತಿರಬೇಕು. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ನಾಲಿಗೆಯ ಮೇಲಿನ ಎಣ್ಣೆಯನ್ನು ತೊಳೆದು ಮುಂದಿನ ತುತ್ತಿಗೆ ಜಾಗ ಮಾಡಿಕೊಡುತ್ತದೆ. ಮುಗಿದರೆ ‘ಒಕಾವರಿ’ ಎಂದು ಕೇಳಿ. ಎಲೆಕೋಸು, ಅನ್ನ, ಮಿಸೊ ಸಾರನ್ನು ದುಡ್ಡಿಲ್ಲದೆ ಮತ್ತೆ ಬಡಿಸುವುದು ಅನೇಕ ಟೊಂಕಾತ್ಸು ಅಂಗಡಿಗಳ ರೂಢಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಇದರ ಬಂಧುಗಳೂ ಹಲವು. ಮೊಟ್ಟೆ, ಈರುಳ್ಳಿಯೊಂದಿಗೆ ಬೇಯಿಸಿ ಅನ್ನದ ಬಟ್ಟಲಿನ ಮೇಲೆ ಹಾಕಿದರೆ ಕಾತ್ಸುದೋನ್. ಕರಿ ಸುರಿದರೆ ಕಾತ್ಸು ಕರಿ. ನಾಗೊಯಾದಲ್ಲಿ ಕೆಂಗಪ್ಪು ಮಿಸೊದ ಗಾಢ ಸಾಸು ಹಾಕಿ ಮಿಸೊ ಕಾತ್ಸು ಎನ್ನುತ್ತಾರೆ.

ಹಂದಿ ತಿನ್ನದವರು ಸಹಪ್ರಯಾಣಿಕರೊಂದಿಗೆ ಹೋದಾಗ ಸಿಗಡಿ ಅಥವಾ ಕೋಳಿಯ ಕಾತ್ಸು ಸಿಗಬಹುದು, ಆದರೆ ಎಲ್ಲವನ್ನೂ ಒಂದೇ ಎಣ್ಣೆಯಲ್ಲಿ ಕರಿದಿರುವ ಸಾಧ್ಯತೆ ಇದೆ. ಕೆಲವು ಅಂಗಡಿಗಳು ಹಂದಿಯ ಕೊಬ್ಬಿನಲ್ಲೇ ಕರಿಯುತ್ತವೆ. ಊಟದ ಜೊತೆಗಿನ ಸಾರು ‘ತೊಂಜಿರು’ ಆಗಿದ್ದರೆ ಅದರಲ್ಲೂ ಹಂದಿಮಾಂಸ ಇರುತ್ತದೆ, ಮಾಮೂಲಿ ಮಿಸೊ ಸಾರಿಗೆ ಸಾಮಾನ್ಯವಾಗಿ ಮೀನಿನ ರಸ ಬೆರೆತಿರುತ್ತದೆ. ಊಟಕ್ಕೆ ಆರ್ಡರ್ ಕೊಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.